ನಮ್ಮ ಕೈಯಾರೆ ಒಂದು ಒಂಟಿಕೋಣೆಯ ಮನೆ

ಬೆಂಗಳೂರಿನಿಂದ ತುಮಕೂರಿನ ದಾರಿ ಹಿಡಿದವರಿಗೆ ದಾಬಸ್‌ಪೇಟೆ ಸಮೀಪಿಸುತ್ತಿದ್ದಂತೆ ಎಡಗಡೆಗೆ ಶಿವಗಂಗೆಯ ಬೆಟ್ಟ ಎದ್ದು ಕಾಣುತ್ತದೆ. ಈ ಬೆಟ್ಟಕ್ಕೆ ನಾಲ್ಕು ರೂಪಗಳೆಂದು ಸುತ್ತಿನ ಹಳ್ಳಿಗಳ ಜನ ಹೇಳುತ್ತಾರೆ. ಮೂಡಲಿಂದ ನೋಡಿದರೆ ನಂದಿ, ಪಡುವಲಿಂದ ಗಣಪತಿ, ತೆಂಕಲಿಂದ ಲಿಂಗ, ಬಡಗಲಿಂದ ಹೆಡೆಯೆತ್ತಿದ ಸರ್ಪ. ಬೆಟ್ಟ ಒಂದೇ, ನಿಂತು ನೋಡುವ ಜಾಗ ಬೇರೆ ಬೇರೆ. ಮನೆ ಕಟ್ಟುವ ಕೆಲಸಕ್ಕೂ ಹೀಗೆಯೇ ನಾಲ್ಕು ಮುಖಗಳುಂಟು. ನೆಲ, ನೀರು, ಸಾಮಾನು, ಆಳು. ಈ ನಾಲ್ಕು ಕಡೆಯಿಂದಲೂ ನೋಡದೆ ಪಾಯಕ್ಕೆ ಗುದ್ದಲಿ ಹಾಕಿದವನು ಅರ್ಧದಲ್ಲಿ ನಿಲ್ಲುತ್ತಾನೆ. ಆ ಬೆಟ್ಟದ ತಪ್ಪಲಿನ ಹೊಲವೊಂದರಲ್ಲಿ ಕಾಂಕ್ರೀಟ್ ಬ್ಲಾಕುಗಳಿಂದ ಒಂದೇ ಕೋಣೆಯ ಪುಟ್ಟ ಮನೆಯನ್ನು ನಾವೇ ಕಟ್ಟಿಕೊಳ್ಳುವ ಬಗೆ ಹೇಗೆ ಎಂಬುದೇ ಇಂದಿನ ಮಾತು.

ಒಂದೇ ಕೋಣೆಯ ಮನೆಗೆ ಇಷ್ಟೊಂದು ಮಾತೇಕೆ ಎಂದು ನೀವು ಕೇಳಬಹುದು. ಈ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಪೀಣ್ಯದ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಊರಿನಲ್ಲಿ ತಂದೆಯ ಕಾಲದ ಒಂದೋ ಎರಡೋ ಎಕರೆ ಹೊಲ ಉಳಿದಿದೆ. ಹಳೆಯ ಮನೆ ಬಿದ್ದಿದೆ, ಇಲ್ಲವೆ ಅಣ್ಣತಮ್ಮಂದಿರ ಪಾಲಿನಲ್ಲಿ ಹೋಗಿದೆ. ಭಾನುವಾರ ಬಂದರೆ ಕುಳಿತುಕೊಳ್ಳಲು ಹುಣಿಸೆಮರದ ನೆರಳಲ್ಲದೆ ಬೇರೆ ಇಲ್ಲ. ಮಳೆ ಬಂದರೆ ಅದೂ ಇಲ್ಲ. ಹೀಗೆ ಬರುವುದು ಕಡಮೆಯಾಗುತ್ತದೆ, ಬೇಲಿ ಬೀಳುತ್ತದೆ, ರಾಗಿ ಹೊಲದಲ್ಲಿ ಲಂಟಾನ ಬೆಳೆಯುತ್ತದೆ. ಒಂದು ದಿನ ಯಾರೋ ಬಂದು ಬೆಲೆ ಕೇಳುತ್ತಾರೆ. ತಂಗಲು ಒಂದು ಸೂರಿಲ್ಲದ ಹೊಲ ಬಹುಬೇಗ ಮಾರಾಟಕ್ಕೆ ಬರುತ್ತದೆ. ರಾತ್ರಿ ಉಳಿಯಲು ಒಂದು ಕೋಣೆ, ಒಲೆ ಹೂಡಲು ಒಂದು ಮೂಲೆ, ಗುದ್ದಲಿ ಹಾರೆಗಳನ್ನು ಇಡಲು ಒಂದು ಬಾಗಿಲು ಬೀಗ ಇದ್ದರೆ ಆ ಹೊಲ ಇನ್ನೊಂದು ತಲೆಮಾರು ನಿಲ್ಲಬಹುದು. ಆದ್ದರಿಂದ ಇದು ನೂರು ಚದರಡಿಯ ಮಾತಾದರೂ ಸಣ್ಣ ಮಾತಲ್ಲ.

ಮೊದಲನೆಯದು ನೆಲ. ಪಹಣಿಯಲ್ಲಿ ಹೆಸರಿದೆ ಎಂಬಷ್ಟಕ್ಕೆ ನೆಲ ನಿಮ್ಮದಾಯಿತೆಂದು ತಿಳಿಯಬೇಡಿ. ಪಹಣಿಯ ಜೊತೆಗೆ ಹಕ್ಕು ಬದಲಾವಣೆಯ ನಕಲು, ಸರ್ವೆ ನಕ್ಷೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಇವಿಷ್ಟನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಪಾಲು ಆಗಿದ್ದು ಪೋಡಿ ಆಗದೆ ಉಳಿದಿರುವ ಸರ್ವೆ ನಂಬರುಗಳು ನಮ್ಮ ಕಡೆ ಬಹಳ. ಅಂಥ ಕಡೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಅಕ್ಕಪಕ್ಕದವರನ್ನು ಕರೆದು, ಅವರೆದುರಿಗೆ ಮೂಲೆಗಲ್ಲು ನೆಡಿಸಿದ ಮೇಲೆ ಪಾಯದ ಯೋಚನೆ ಮಾಡಿರಿ. ನಕ್ಷೆಯಲ್ಲಿ ಖರಾಬು ಎಂದು ಗುರುತಾದ ಭಾಗ, ಗೋಮಾಳ, ಹಳ್ಳ, ಬಂಡಿದಾರಿ ಯಾವುದರ ಮೇಲೂ ಗೋಡೆ ಬರಕೂಡದು. ಬೆಟ್ಟದ ಬುಡದಲ್ಲಿ ಅರಣ್ಯದ ಎಲ್ಲೆಯೂ ಸಮೀಪವಿರುವುದರಿಂದ ಅದನ್ನೂ ನೋಡಿಕೊಳ್ಳಬೇಕು.

ಹೊಸದಾಗಿ ಹೊಲ ಕೊಳ್ಳುವವರಿಗೆ ಇನ್ನೆರಡು ಮಾತು. ಬೇಸಾಯಗಾರರಲ್ಲದವರು ಹೊಲ ಕೊಳ್ಳದಂತೆ ೧೯೬೧ರ ಭೂ ಸುಧಾರಣಾ ಕಾಯ್ದೆಯಲ್ಲಿದ್ದ ೭೯-ಎ ಮತ್ತು ೭೯-ಬಿ ಕಲಮುಗಳು ೨೦೨೦ರ ತಿದ್ದುಪಡಿಯಲ್ಲಿ ರದ್ದಾದವು. ಕೊಳ್ಳಬಹುದು ಎಂದ ಮಾತ್ರಕ್ಕೆ ಏನು ಬೇಕಾದರೂ ಕಟ್ಟಬಹುದು ಎಂದಲ್ಲ. ೧೯೬೪ರ ಭೂ ಕಂದಾಯ ಕಾಯ್ದೆಯ ೯೫ನೆಯ ಕಲಮಿನಂತೆ, ಬೇಸಾಯದ ಜಮೀನಿನಲ್ಲಿ ಬೇಸಾಯದ ಅನುಕೂಲಕ್ಕೆಂದು ಕಟ್ಟಡ ಕಟ್ಟಲು, ಬಾವಿ ತೋಡಲು ಹಿಡುವಳಿದಾರನಿಗೆ ಹಕ್ಕುಂಟು. ಬೇರೆ ಉದ್ದೇಶಕ್ಕಾದರೆ ಭೂ ಪರಿವರ್ತನೆ ಆಗಬೇಕು. ಹೊಲದ ಕೆಲಸಕ್ಕೆ ಒದಗುವ ಕೋಣೆ ಒಂದು. ಬಾಡಿಗೆಗೆ ಕೊಡುವ ವಿಹಾರದ ಮನೆ ಮತ್ತೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎರಡನೆಯ ಮಾತು ಇನ್ನೂ ಮುಖ್ಯವಾದುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅಪ್ಪಣೆಯಿಲ್ಲದೆ ಕೊಳ್ಳುವಂತಿಲ್ಲ ಎಂದು ೧೯೭೮ರ ಕಾಯ್ದೆ ಹೇಳುತ್ತದೆ. ಕೈತಪ್ಪಿದ ಅಂಥ ಜಮೀನನ್ನು ಮರಳಿ ಪಡೆಯಲು ಕಾಲದ ಮಿತಿಯಿಲ್ಲವೆಂದು ೨೦೨೩ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಅಗ್ಗವೆಂದು ಕೊಂಡ ನೆಲದ ಮೂಲ ಮಂಜೂರಾತಿಯನ್ನು ನೋಡದೆ ಮನೆ ಕಟ್ಟುವುದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ.

ಎರಡನೆಯದು ನೀರು. ಕುಮುದ್ವತಿ ನದಿ ಹುಟ್ಟುವುದು ಈ ಶಿವಗಂಗೆಯಲ್ಲಿಯೇ. ಅದು ಅರ್ಕಾವತಿಯನ್ನು ಕೂಡುವ ತಾಣದಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವಿದೆ. ೧೯೩೩ರಿಂದ ಹಲವು ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿದ ಜಲಾಶಯ ಅದು. ಅದಕ್ಕೆ ನೀರು ಹರಿದುಬರುವ ಪ್ರದೇಶವನ್ನು ಕಾಪಾಡಲೆಂದು ರಾಜ್ಯ ಸರ್ಕಾರ ೨೦೦೩ರಲ್ಲಿ ಆದೇಶ ಹೊರಡಿಸಿ ಕಟ್ಟಡಗಳಿಗೆ ಕಟ್ಟುಪಾಡು ಹಾಕಿತು. ಆಮೇಲೆ ಅದಕ್ಕೆ ತಿದ್ದುಪಡಿಯೂ ಆಗಿದೆ. ನಿಮ್ಮ ಸರ್ವೆ ನಂಬರು ಆ ಎಲ್ಲೆಯೊಳಗೆ ಬರುತ್ತದೆಯೆ ಎಂದು ಗ್ರಾಮ ಪಂಚಾಯಿತಿಯಲ್ಲಿಯೂ ಯೋಜನಾ ಪ್ರಾಧಿಕಾರದಲ್ಲಿಯೂ ಕೇಳಿ ತಿಳಿಯಿರಿ.

ಕಾನೂನು ಒಂದು ಕಡೆಗಿರಲಿ. ಸಿಮೆಂಟಿನ ಕೆಲಸಕ್ಕೆ ನೀರೇ ಉಸಿರು. ಕಲಸುವಾಗ ನೀರು ಹೆಚ್ಚಾದರೆ ಕಾಂಕ್ರೀಟು ಬಲಗೆಡುತ್ತದೆ. ಕಲಸಿ ಹಾಕಿದ ಮೇಲೆ ನೀರು ಕಡಮೆಯಾದರೂ ಬಲಗೆಡುತ್ತದೆ. ಒಂದು ಮೂಟೆ ಸಿಮೆಂಟಿನ ಕಾಂಕ್ರೀಟಿಗೆ ೨೫ರಿಂದ ೩೦ ಲೀಟರ್ ನೀರು ಸಾಕು. ಕೈಯಾಡಲು ಸುಲಭವೆಂದು ಅಂಬಲಿಯಂತೆ ಮಾಡಿಕೊಳ್ಳುವುದು ಬೇಡ. ಹಾಕಿದ ಕಾಂಕ್ರೀಟಿಗೆ ಹತ್ತು ದಿನವಾದರೂ ತೇವ ಆರದಂತೆ ನೋಡಿಕೊಳ್ಳಬೇಕು. ಭಾನುವಾರ ಮಾತ್ರ ಬರುವವನಿಗೆ ಇದೇ ದೊಡ್ಡ ತೊಡಕು. ಸೋಮವಾರದಿಂದ ಶನಿವಾರದವರೆಗೆ ನೀರು ಹೊಡೆಯುವವರು ಯಾರು? ಪಕ್ಕದ ಹೊಲದವರನ್ನು ಮೊದಲೇ ಮಾತನಾಡಿಸಿ ಒಪ್ಪಿಸಿಕೊಳ್ಳಬೇಕು. ಗೋಣಿತಾಟನ್ನು ನೆನೆಸಿ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಕಲ್ಲು ಹೇರಿದರೆ ತೇವ ಬಹಳ ಹೊತ್ತು ನಿಲ್ಲುತ್ತದೆ. ಅವರ ಕೆಲಸವೂ ನೀರೂ ಎರಡೂ ಉಳಿಯುತ್ತವೆ. ಬಯಲುಸೀಮೆಯ ಕೊಳವೆಬಾವಿಯ ನೀರನ್ನು ಬೀದಿಯ ನೀರಿನಂತೆ ಚೆಲ್ಲಲು ಯಾರಿಗೂ ಹಕ್ಕಿಲ್ಲ.

ಹೀಗಿರುವಲ್ಲಿ ಕೆಲಸಕ್ಕೆ ಕಾಲ ಯಾವುದು? ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯೇ ಜೋರು. ಅದು ನಿಂತ ಮೇಲೆ ಕಾರ್ತೀಕದಲ್ಲಿ ನೆಲ ಇನ್ನೂ ಮೆತ್ತಗಿರುತ್ತದೆ, ಬಾವಿಗಳಲ್ಲಿ ನೀರಿರುತ್ತದೆ, ಬಿಸಿಲು ಸೌಮ್ಯವಾಗಿರುತ್ತದೆ. ಆಗ ಪಾಯ ತೆಗೆದರೆ ಸಂಕ್ರಾಂತಿಯಂದು ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಮದುವೆ ನಡೆಯುವ ಹೊತ್ತಿಗೆ ನಿಮ್ಮ ಗೋಡೆ ಎದೆಮಟ್ಟಕ್ಕೆ ಬಂದಿರುತ್ತದೆ. ಯುಗಾದಿಯ ವೇಳೆಗೆ, ಬೇಸಗೆಯ ಗುಡುಗುಮಳೆ ಬೀಳುವ ಮುಂಚೆ, ಸೂರು ಮುಚ್ಚಬಹುದು. ಲೆಕ್ಕಕ್ಕೆ ಇಪ್ಪತ್ತು ಭಾನುವಾರಗಳು. ಪಾಯಕ್ಕೆ ಐದು, ಒಳಗೆ ಮಣ್ಣು ತುಂಬಿ ದಮ್ಮಸು ಮಾಡಲು ಒಂದು, ಬಾಗಿಲೆತ್ತರದವರೆಗಿನ ಗೋಡೆಗೆ ಐದು, ಅದರ ಮೇಲಿನ ಕಾಂಕ್ರೀಟ್ ಪಟ್ಟಿಗೆ ಎರಡು, ಮೇಲಿನ ಗೋಡೆಗೆ ಒಂದು, ಸೂರಿಗೆ ಎರಡು, ನೆಲ ಬಾಗಿಲು ಕಿಟಕಿಗೆ ಮೂರು. ಉಳಿದ ಒಂದು ಭಾನುವಾರ ನೆಂಟರ ಮದುವೆಗೆ.

ಮೂರನೆಯದು ಸಾಮಾನು. ಶಿವಗಂಗೆ ಕಲ್ಲಿನ ನಾಡು. ಬೆಟ್ಟದ ಗವಿಯನ್ನೇ ಗರ್ಭಗುಡಿ ಮಾಡಿದ ಊರು ಇದು. ಇಲ್ಲಿನ ಹಳೆಯ ಮನೆಗಳಲ್ಲಿ ಕಂಬ ಕಲ್ಲು, ತೊಲೆ ಕಲ್ಲು, ಹಾಸಿದ ಚಪ್ಪಡಿ ಕಲ್ಲು. ಗೋಡೆ ಮಾತ್ರ ಮಣ್ಣು. ಸಿಮೆಂಟು ಬಂದದ್ದು ತೀರ ಈಚೆಗೆ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನೇ ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಿದರು. ಟೊಳ್ಳು ಕಾಂಕ್ರೀಟ್ ಬ್ಲಾಕು ಒತ್ತುವ ಯಂತ್ರಕ್ಕೆ ಅಮೆರಿಕದ ಹಾರ್ಮನ್ ಪಾಮರ್ ಎಂಬವನು ಹಕ್ಕುಪತ್ರ ಪಡೆದದ್ದು ೧೯೦೦ರಲ್ಲಿ. ಇಂದು ತುಮಕೂರು ರಸ್ತೆಯ ಇಕ್ಕೆಲಗಳಲ್ಲಿ ಬ್ಲಾಕು ಒತ್ತುವ ಅಂಗಳಗಳನ್ನು ಕಾಣುತ್ತೀರಿ.

ಮಣ್ಣಿನ ಬ್ಲಾಕಿನ ಮಾತನ್ನೂ ಇಲ್ಲಿ ಹೇಳಬೇಕು. ೧೯೫೦ರ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿ ರಾವುಲ್ ರಾಮಿರೆಸ್ ಎಂಬ ಎಂಜಿನಿಯರು ಮಣ್ಣನ್ನು ಕೈಬಲದಿಂದಲೇ ಒತ್ತಿ ಬ್ಲಾಕು ಮಾಡುವ ಯಂತ್ರವನ್ನು ರೂಪಿಸಿದರು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು ೧೯೭೪ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಪ್ರಯೋಗಶಾಲೆ ತೆರೆಯಿತು. ಕೆ. ಎಸ್. ಜಗದೀಶರೂ ಅವರ ಸಂಗಡಿಗರೂ ಕೆಮ್ಮಣ್ಣಿಗೆ ಅಲ್ಪ ಸಿಮೆಂಟು ಬೆರೆಸಿ ಒತ್ತಿದ ಬ್ಲಾಕುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ಜನಕ್ಕೆ ಒದಗಿಸಿದರು. ಬೆಂಗಳೂರಿನಲ್ಲಿ ಇಂದು ಅಂಥ ಮನೆಗಳು ಬಹಳ. ನಿಮ್ಮ ಹೊಲದ ಮಣ್ಣು ಮರಳುಮಿಶ್ರಿತವಾಗಿದ್ದು, ಯಂತ್ರ ಬಾಡಿಗೆಗೆ ಸಿಕ್ಕಿ, ನಾಲ್ಕಾರು ಆಳು ಒಟ್ಟಿಗೆ ಒಂದೆರಡು ವಾರ ನಿಲ್ಲುವುದಾದರೆ ಅದು ಒಳ್ಳೆಯ ಉಪಾಯ. ಭಾನುವಾರ ಮಾತ್ರ ಬಿಡುವಿರುವವನಿಗೆ ಒತ್ತಿ, ನೆರಳಿನಲ್ಲಿ ಹರಡಿ, ನೀರುಣಿಸುವ ಕೆಲಸ ಹೊಂದುವುದಿಲ್ಲ. ಅವನಿಗೆ ಸಿದ್ಧವಾಗಿ ಬರುವ ಕಾಂಕ್ರೀಟ್ ಬ್ಲಾಕೇ ಸರಿ. ಒಂದು ದಿನ ಬಿಟ್ಟು ಇನ್ನೊಂದು ವಾರ ಮುಟ್ಟಿದರೂ ಅದಕ್ಕೆ ಕೋಪವಿಲ್ಲ.

ಬ್ಲಾಕನ್ನು ಕೊಳ್ಳುವಾಗ ಅಂಗಳಕ್ಕೇ ಹೋಗಿ ನೋಡಿರಿ. ಒತ್ತಿದ ಮೇಲೆ ಹದಿನಾಲ್ಕು ದಿನ ನೀರುಣಿಸಿ, ಅನಂತರ ನಾಲ್ಕು ವಾರ ಒಣಗಿಸಿದ ಬ್ಲಾಕು ಗೋಡೆಗೆ ಯೋಗ್ಯ. ನಿನ್ನೆ ಒತ್ತಿ ಇಂದು ಲಾರಿಗೆ ಹೇರಿದ ಬ್ಲಾಕು ಗೋಡೆ ಸೇರಿದ ಮೇಲೆ ಕುಗ್ಗುತ್ತದೆ. ಗೋಡೆಯಲ್ಲಿ ಮೆಟ್ಟಿಲಿನಂತೆ ಸೀಳು ಬಿಡುತ್ತದೆ. ಎರಡು ಬ್ಲಾಕುಗಳನ್ನು ಒಂದಕ್ಕೊಂದು ತಟ್ಟಿದರೆ ಕಣಕಣ ಎನ್ನಬೇಕು, ದೊಬ್ ಎನ್ನಬಾರದು. ಮೊಳೆಯಿಂದ ಗೀಚಿದರೆ ಗೀಟು ಬೀಳಬೇಕೇ ಹೊರತು ಪುಡಿ ಉದುರಬಾರದು. ಸೊಂಟದೆತ್ತರದಿಂದ ಮಣ್ಣುನೆಲಕ್ಕೆ ಬಿಟ್ಟರೆ ಇಬ್ಭಾಗವಾಗಬಾರದು. ಕೊನೆಯದಾಗಿ ಟೇಪು ಹಿಡಿದು ಅಳೆಯಿರಿ. ಹದಿನಾರು ಅಂಗುಲವೆಂದು ಹೇಳುವ ಬ್ಲಾಕು ಒಂದೊಂದು ಅಂಗಳದಲ್ಲಿ ಒಂದೊಂದು ಅಳತೆ. ಗಾರೆಯ ಸಂದನ್ನೂ ಸೇರಿಸಿದರೆ ಹದಿನಾರು ಅಂಗುಲ ಬರುವಂತಿರಬೇಕು.

ಮರಳಿನ ಬದಲು ಈಗ ಎಂ-ಸ್ಯಾಂಡ್ ಬಂದಿದೆ. ಅದನ್ನು ಗಾಜಿನ ಸೀಸೆಯಲ್ಲಿ ಅರ್ಧ ತುಂಬಿ, ನೀರು ಹಾಕಿ, ಕುಲುಕಿ, ಮೂರು ನಾಲ್ಕು ಗಂಟೆ ಬಿಡಿ. ಮೇಲೆ ನಿಂತ ನುಣುಪು ಧೂಳಿನ ಪದರ ಕೆಳಗಿನ ಮರಳಿನ ಹನ್ನೆರಡರಲ್ಲಿ ಒಂದು ಪಾಲನ್ನು ಮೀರಿದರೆ ಆ ಲೋಡನ್ನು ಇಳಿಸಿಕೊಳ್ಳಬೇಡಿ.

ಈಗ ನಕ್ಷೆ. ಮನೆಯ ಅಳತೆಯನ್ನು ಬಾಯಿಗೆ ಬಂದಂತೆ ಹತ್ತು ಹನ್ನೆರಡಡಿ ಎಂದು ಹೇಳುವುದು ರೂಢಿ. ಬ್ಲಾಕಿನ ಮನೆಗೆ ಬ್ಲಾಕೇ ಅಳತೆಗೋಲು. ಹದಿನಾರು ಅಂಗುಲ ಉದ್ದ, ಎಂಟಂಗುಲ ಅಗಲ, ಎಂಟಂಗುಲ ಎತ್ತರದ ಟೊಳ್ಳು ಬ್ಲಾಕನ್ನು ಆರಿಸಿಕೊಂಡರೆ ಅಗಲವು ಉದ್ದದ ಸರಿಯಾಗಿ ಅರ್ಧ. ಮೂಲೆಯಲ್ಲಿ ಒಂದರ ಮೇಲೊಂದು ಅರ್ಧಕ್ಕೆ ಕಚ್ಚಿ ಕೂರುತ್ತದೆ, ಕತ್ತರಿಸುವ ಕೆಲಸವಿಲ್ಲ. ಹೊರಗಿನ ಉದ್ದ ಹತ್ತು ಬ್ಲಾಕು, ಎಂದರೆ ೧೩ ಅಡಿ ೪ ಅಂಗುಲ. ಹೊರಗಿನ ಅಗಲ ಎಂಟು ಬ್ಲಾಕು, ಎಂದರೆ ೧೦ ಅಡಿ ೮ ಅಂಗುಲ. ಒಳಗೆ ನಿಮಗೆ ಸಿಕ್ಕುವುದು ೧೨ ಅಡಿ ಉದ್ದ, ೯ ಅಡಿ ೪ ಅಂಗುಲ ಅಗಲದ ಕೋಣೆ. ಎರಡು ಮಂಚ, ಒಂದು ಒಲೆಕಟ್ಟೆ, ಬಿತ್ತನೆ ಬೀಜದ ಒಂದು ಪೆಟ್ಟಿಗೆಗೆ ಸಾಕು.

ಒಂದು ಸುತ್ತಿನ ವರಸೆಗೆ ೩೪ ಬ್ಲಾಕು. ಒಂದು ವರಸೆಯಲ್ಲಿ ಉದ್ದದ ಗೋಡೆಗಳು ಮೂಲೆಯವರೆಗೆ ಹೋದರೆ ಮುಂದಿನದರಲ್ಲಿ ಅಡ್ಡಗೋಡೆಗಳು ಹೋಗುತ್ತವೆ. ಲೆಕ್ಕ ಮಾತ್ರ ಅದೇ ೩೪. ಹತ್ತು ವರಸೆಗೆ ೮೦ ಅಂಗುಲ, ಅದೇ ಬಾಗಿಲಿನ ಎತ್ತರ. ಬಾಗಿಲಿಗೆ ೪೦ ಅಂಗುಲ ಅಗಲ, ಎರಡು ಕಿಟಕಿಗಳಿಗೆ ನಾಲ್ವತ್ತು ನಾಲ್ವತ್ತು ಅಂಗುಲದ ಚೌಕ. ಇವುಗಳಿಗೆ ಐವತ್ತು ಬ್ಲಾಕು ಕಳೆದರೆ ಉಳಿಯುವುದು ೨೯೦. ಬಾಗಿಲಿನ ಮೇಲೆ ಮನೆಯ ಸುತ್ತಲೂ ಎಂಟಂಗುಲದ ಕಾಂಕ್ರೀಟ್ ಪಟ್ಟಿ. ಅದರ ಮೇಲೆ ಹಿಂದುಗಡೆ ಒಂದು ವರಸೆ, ಮುಂದುಗಡೆ ಮೂರು ವರಸೆ, ಪಕ್ಕದಲ್ಲಿ ಇಳಿಜಾರು. ಇದಕ್ಕೆ ೬೮. ಒಟ್ಟು ೩೫೮, ಒಡೆದು ಹೋಗುವುದನ್ನೂ ಸೇರಿಸಿ ೩೮೦ ತರಿಸಿಕೊಳ್ಳಿ. ಅರ್ಧ ಬ್ಲಾಕುಗಳು ಬಾಗಿಲು ಕಿಟಕಿಗಳ ಮಗ್ಗುಲಿಗೆ ಬೇಕಾಗುತ್ತವೆ. ಮೊದಲೇ ಕೇಳಿ ತರಿಸಿ. ಒಂದೊಂದು ಬ್ಲಾಕು ಇಪ್ಪತ್ತು ಕಿಲೋಗೆ ಕಡಮೆಯಿಲ್ಲ. ಲಾರಿಯಿಂದ ಇಳಿಸಲು, ಗೋಡೆಯ ಬಳಿಗೆ ಸಾಗಿಸಲು, ಗೋಡೆಯ ಮೇಲಿಡಲು ಮೂರು ಸಲ ಎತ್ತಬೇಕು. ಲೆಕ್ಕ ಹಾಕಿದರೆ ಇಪ್ಪತ್ತು ಟನ್ನನ್ನು ಮೀರುತ್ತದೆ. ಆದ್ದರಿಂದ ಲಾರಿ ಪಾಯದ ಹತ್ತಿರಕ್ಕೇ ಬರುವ ದಾರಿಯನ್ನು ಮೊದಲು ಸರಿಮಾಡಿಕೊಳ್ಳಿ. ಬ್ಲಾಕುಗಳನ್ನು ನಾಲ್ಕು ಗೋಡೆಗೂ ಪಾಲು ಹಾಕಿ ಇಳಿಸಿಕೊಳ್ಳಿ. ಸೊಂಟ ಉಳಿಯುತ್ತದೆ.

ಪಾಯದ ಗುರುತು ಹಾಕುವ ದಿನ ಆತುರ ಬೇಡ. ನಾಲ್ಕು ಗೂಟ, ನೂಲು, ಟೇಪು. ಒಂದು ಮೂಲೆಯಿಂದ ಒಂದು ಕಡೆ ಆರಡಿ, ಇನ್ನೊಂದು ಕಡೆ ಎಂಟಡಿ ಗುರುತಿಸಿ. ಆ ಎರಡು ಗುರುತುಗಳ ನಡುವೆ ಹತ್ತಡಿ ಬಂದರೆ ಮೂಲೆ ಸರಿಯಾಗಿದೆ. ನಮ್ಮ ಶುಲ್ಬಸೂತ್ರಗಳ ಕಾಲದಿಂದ ಹಗ್ಗ ಹಿಡಿದವರು ಬಲ್ಲ ಲೆಕ್ಕವಿದು. ಕೊನೆಗೆ ಎರಡು ಕರ್ಣಗಳನ್ನೂ ಅಳೆಯಿರಿ. ನಮ್ಮ ಅಳತೆಗೆ ಎರಡೂ ಸುಮಾರು ೧೭ ಅಡಿ ೧ ಅಂಗುಲ ಬರಬೇಕು. ಇಲ್ಲಿ ಅರ್ಧ ಅಂಗುಲ ತಪ್ಪಿದರೆ ಸೂರಿನ ಹೊತ್ತಿಗೆ ಅದು ನಿಮ್ಮನ್ನು ಅಣಕಿಸುತ್ತದೆ.

ಕಾಲುವೆ ಎರಡಡಿ ಅಗಲ. ಆಳ ಗಟ್ಟಿನೆಲ ಸಿಕ್ಕುವವರೆಗೆ. ತಪ್ಪಲಿನ ಕೆಮ್ಮಣ್ಣಿನಲ್ಲಿ ಎರಡೂವರೆ ಅಡಿಗೆ ಗೊರಸು ನೆಲ ಸಿಕ್ಕಿದರೆ ಅಗೆಯುವ ಮಣ್ಣು ಸುಮಾರು ೨೨೫ ಘನ ಅಡಿ. ಅದನ್ನು ದೂರ ಎಸೆಯಬೇಡಿ, ಒಳಗೆ ತುಂಬಲು ಬೇಕು. ಒಂದು ಮೂಲೆಗೆ ಬಂಡೆ ಸಿಕ್ಕಿ ಇನ್ನೊಂದು ಮೂಲೆಗೆ ಮೆತ್ತನೆಯ ಮಣ್ಣು ಸಿಕ್ಕಿದರೆ ಜಾಗವನ್ನೇ ಹತ್ತಡಿ ಸರಿಸಿರಿ. ಅರ್ಧ ಬಂಡೆಯ ಮೇಲೆ, ಅರ್ಧ ಮಣ್ಣಿನ ಮೇಲೆ ನಿಂತ ಮನೆ ಕುಳಿತುಕೊಳ್ಳುವಾಗ ಸೀಳುತ್ತದೆ. ತಳದಲ್ಲಿ ಆರಂಗುಲ ಬಡ ಕಾಂಕ್ರೀಟು, ಒಂದು ಪಾಲು ಸಿಮೆಂಟಿಗೆ ನಾಲ್ಕು ಮರಳು ಎಂಟು ಜಲ್ಲಿ. ಇದಕ್ಕೆ ನಾಲ್ಕೈದು ಮೂಟೆ ಸಿಮೆಂಟು ಹಿಡಿಯುತ್ತದೆ. ಅದರ ಮೇಲೆ ಸೈಜುಗಲ್ಲಿನ ಕಟ್ಟಡ, ನೆಲದಿಂದ ಒಂದೂವರೆ ಅಡಿ ಮೇಲಕ್ಕೆ ಬರುವಂತೆ. ಬೆಟ್ಟದ ಕಡೆಯಿಂದ ಮಳೆಯ ನೀರು ಬರುವ ದಾರಿಗೆ ಮೇಲುಗಡೆ ಒಂದು ಕಾಲುವೆ ತೋಡಿ ತಿರುಗಿಸಿಬಿಡಿ. ಕಲ್ಲು ಕಟ್ಟುವುದನ್ನು ಮಾತ್ರ ಬಲ್ಲವರ ಕೈಗೇ ಕೊಡಿ. ಕಲ್ಲಿನ ಮುಖ ನೋಡಿ ಕೂರಿಸುವ ಕಣ್ಣು ಇಪ್ಪತ್ತು ಭಾನುವಾರದಲ್ಲಿ ಬರುವುದಲ್ಲ. ಕಲ್ಲಿನ ಮೇಲೆ ನಾಲ್ಕಂಗುಲದ ಕಾಂಕ್ರೀಟ್ ಪಟ್ಟಿ ಹಾಕಿ, ನಾಲ್ಕು ಮೂಲೆಗಳಲ್ಲಿಯೂ ಬುಡ ಬಾಗಿಸಿದ ೧೦ ಮಿಲಿಮೀಟರ್ ಕಂಬಿಯನ್ನು ಅದರಲ್ಲಿ ನಿಲ್ಲಿಸಿರಿ.

ಇನ್ನು ಗೋಡೆ. ಅಳತೆಗೆ ಬಾಣಲಿ ಬೇಡ, ಪೆಟ್ಟಿಗೆ ಬೇಕು. ಒಂದು ಮೂಟೆ ಸಿಮೆಂಟು ಒಂದೂಕಾಲು ಘನ ಅಡಿ. ಒಳಗೆ ಒಂದಡಿ ಉದ್ದ, ಒಂದಡಿ ಅಗಲ, ಹದಿನೈದು ಅಂಗುಲ ಎತ್ತರವಿರುವ ಮರದ ಪೆಟ್ಟಿಗೆ ಮಾಡಿಸಿಕೊಂಡರೆ ಮರಳು ಜಲ್ಲಿ ಎಲ್ಲವೂ ಮೂಟೆಯ ಲೆಕ್ಕಕ್ಕೇ ಬರುತ್ತದೆ. ಗೋಡೆಯ ಗಾರೆಗೆ ಒಂದಕ್ಕೆ ಆರು ಮರಳು. ನೀರು ಬೆರೆತ ಗಾರೆಯನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕು; ಹೊಸಬರು ಒಮ್ಮೆಗೆ ಕಾಲು ಮೂಟೆಗಿಂತ ಹೆಚ್ಚು ಕಲಸದಿರುವುದು ಲೇಸು.

ಮೊದಲ ವರಸೆಯನ್ನು ಗಾರೆಯಿಲ್ಲದೆ ಒಣದಾಗಿ ಜೋಡಿಸಿ ನೋಡಿರಿ. ತಪ್ಪು ಎಲ್ಲಿದ್ದರೂ ಅಲ್ಲೇ ಹೊರಬೀಳುತ್ತದೆ. ಅನಂತರ ಮೂಲೆಗಳನ್ನು ಕಟ್ಟಿ, ಮೂಲೆಯಿಂದ ಮೂಲೆಗೆ ನೂಲು ಬಿಗಿದು, ನಡುವೆ ತುಂಬಿರಿ. ಪ್ರತಿ ವರಸೆಗೂ ರಸಮಟ್ಟ, ಪ್ರತಿ ಮೂಲೆಗೂ ತೂಗುಗುಂಡು. ಇಟ್ಟಿಗೆಯ ಕೆಲಸ ಕಂಡವರು ಬ್ಲಾಕನ್ನೂ ತೊಟ್ಟಿಯಲ್ಲಿ ನೆನೆಸಲು ಹೊರಡುತ್ತಾರೆ. ಇದು ಕೂಡದು. ಇಟ್ಟಿಗೆ ನೆನೆಯಬೇಕು, ಕಾಂಕ್ರೀಟ್ ಬ್ಲಾಕು ಒಣಗಿರಬೇಕು. ಗಾರೆ ಹತ್ತುವ ಮುಖಕ್ಕೆ ಒಂದಿಷ್ಟು ನೀರು ಚಿಮುಕಿಸಿದರೆ ಸಾಕು. ನೆಂದ ಬ್ಲಾಕು ಒಣಗುತ್ತ ಕುಗ್ಗಿ ಸಂದು ಬಿಡುತ್ತದೆ. ಹೊಸಬರಿಗೆ ದಿನಕ್ಕೆ ಎರಡು ವರಸೆ ಹೆಚ್ಚೇ. ಅದಕ್ಕೇ ಹತ್ತು ವರಸೆಗೆ ಐದು ಭಾನುವಾರ ಎಂದದ್ದು.

ಮೂಲೆಯ ಕಂಬಿ ಬ್ಲಾಕಿನ ಟೊಳ್ಳಿನ ಮೂಲಕ ಮೇಲಕ್ಕೆ ಹೋಗಬೇಕು. ಕೆಲವು ಬ್ಲಾಕುಗಳ ಟೊಳ್ಳು ಒಂದು ಕಡೆ ಮುಚ್ಚಿರುತ್ತದೆ. ಮೂಲೆಗಳಿಗೆ ಎರಡೂ ಕಡೆ ಬಾಯಿ ತೆರೆದವನ್ನೇ ಕೇಳಿ ತನ್ನಿರಿ. ಕಂಬಿ ಬಹಳ ಉದ್ದವಿದ್ದರೆ ಅದರ ತುದಿಯಿಂದ ಬ್ಲಾಕು ಪೋಣಿಸುವುದು ಕಷ್ಟ. ಮೊದಲು ನಾಲ್ಕಡಿ ಕಂಬಿ ನಿಲ್ಲಿಸಿ, ಆಮೇಲೆ ಇನ್ನೊಂದನ್ನು ಇಪ್ಪತ್ತು ಅಂಗುಲ ಜೊತೆಗೂಡಿಸಿ ತಂತಿಯಿಂದ ಕಟ್ಟಿರಿ. ಎರಡೆರಡು ವರಸೆಗೊಮ್ಮೆ ಆ ಟೊಳ್ಳಿಗೆ ಸಣ್ಣ ಜಲ್ಲಿಯ ಕಾಂಕ್ರೀಟು ತುಂಬಿ ಕಂಬಿಯಿಂದ ಕುಟ್ಟಿರಿ.

ಹತ್ತನೆಯ ವರಸೆ ಮುಗಿದ ಮೇಲೆ ಸುತ್ತುಪಟ್ಟಿ. ಎಂಟಂಗುಲ ಅಗಲ, ಎಂಟಂಗುಲ ಎತ್ತರ, ಒಳಗೆ ೧೦ ಮಿಲಿಮೀಟರಿನ ನಾಲ್ಕು ಕಂಬಿ, ಅವಕ್ಕೆ ರಿಂಗು. ಕಂಬಿಯ ಸುತ್ತ ಒಂದಂಗುಲ ಕಾಂಕ್ರೀಟು ಮುಚ್ಚಿರಬೇಕು. ಹಾಕುವ ಮೊದಲು ಕೆಳಗಿನ ಬ್ಲಾಕುಗಳ ಬಾಯಿಗೆ ಖಾಲಿ ಸಿಮೆಂಟ್ ಚೀಲ ತುರುಕಿರಿ. ಇಲ್ಲದಿದ್ದರೆ ಅರ್ಧ ಕಾಂಕ್ರೀಟು ಗೋಡೆಯ ಹೊಟ್ಟೆ ಸೇರುತ್ತದೆ. ಬೆರಕೆ ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿ. ಒಟ್ಟು ಇಪ್ಪತ್ತು ಘನ ಅಡಿ, ನಾಲ್ಕೂವರೆ ಮೂಟೆ ಸಿಮೆಂಟು. ಇದನ್ನು ಒಂದೇ ದಿನ, ನಡುವೆ ನಿಲ್ಲಿಸದೆ ಹಾಕಬೇಕು. ನಾಲ್ಕು ಗೋಡೆಗಳನ್ನು ಸೊಂಟದ ಪಟ್ಟಿಯಂತೆ ಬಿಗಿದು ಹಿಡಿಯುವುದು ಇದೇ. ಕಂಬಿ ಕಟ್ಟುವ ದಿನ ಬಲ್ಲ ಮೇಸ್ತ್ರಿಯೊಬ್ಬನನ್ನು ಕರೆಸಿ ತೋರಿಸಿರಿ. ಕೂಲಿ ಕೊಟ್ಟು ಕೇಳುವ ಮಾತು ಅಗ್ಗದ್ದು.

ಇಲ್ಲಿಯೇ ನಾಲ್ಕನೆಯ ಮುಖ, ಆಳು. ನಾವೇ ಕಟ್ಟುವುದೆಂದರೆ ಒಬ್ಬನೇ ಕಟ್ಟುವುದೆಂದಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ಇಂದು ನನ್ನ ನಾಟಿಗೆ ನೀನು, ನಾಳೆ ನಿನ್ನ ಕೊಯ್ಲಿಗೆ ನಾನು. ದುಡ್ಡಿನ ಮಾತಿಲ್ಲ, ಋಣದ ಲೆಕ್ಕ ಮಾತ್ರ. ಸುತ್ತುಪಟ್ಟಿಯ ದಿನ, ತಗಡು ಏರಿಸುವ ದಿನ ಒಂದು ಜೋಡಿ ಕೈಯಿಂದ ಆಗುವುದಿಲ್ಲ. ಐದಾರು ಜನ ಬೇಕು. ಆ ಎರಡು ದಿನಕ್ಕೆ ಮುಯ್ಯಿ ಕೇಳಿರಿ. ಅವರ ರಾಗಿ ಒಕ್ಕಣೆಗೆ ನೀವೂ ಹೋಗಿ ತೀರಿಸಿರಿ. ವಾರದ ದಿನಗಳಲ್ಲಿ ನಿಮ್ಮ ಸಿಮೆಂಟ್ ಮೂಟೆಗೆ ಕಾವಲು, ನಿಮ್ಮ ಪಟ್ಟಿಗೆ ನೀರು ಇದೇ ಸ್ನೇಹದಿಂದ ಬರುತ್ತದೆ. ವಿದ್ಯುತ್ ತಂತಿಯ ಕೆಲಸವನ್ನು ಮಾತ್ರ ಲೈಸೆನ್ಸು ಇರುವವರಿಗೇ ಬಿಡಿ. ಸಿಮೆಂಟು ಚರ್ಮವನ್ನು ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ಕಣ್ಣಿಗೆ ಹಾರಿದರೆ ಉಜ್ಜದೆ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಿರಿ. ಎದೆಮಟ್ಟ ದಾಟಿದ ಮೇಲೆ ಪೀಪಾಯಿಯ ಮೇಲೆ ನಿಂತು ಕೆಲಸ ಮಾಡಬೇಡಿ. ಗಳು ಹಲಗೆ ಬಿಗಿದ ಅಟ್ಟಣೆ ಕಟ್ಟಿಕೊಳ್ಳಿ.

ಸೂರಿಗೆ ಕಾಂಕ್ರೀಟ್ ತಾರಸಿ ಹೊಸಬರ ಕೆಲಸವಲ್ಲ. ಕಬ್ಬಿಣದ ತೊಲೆಗಳ ಮೇಲೆ ತಗಡು, ಮುಂದಿನಿಂದ ಹಿಂದಕ್ಕೆ ಹದಿನಾರು ಅಂಗುಲ ಇಳಿಜಾರು, ಸುತ್ತ ಎರಡಡಿ ಚಾಚು. ಆಷಾಢದ ಗಾಳಿ ಬೆಟ್ಟದ ಬದಿಯಲ್ಲಿ ತಗಡನ್ನು ಕೆಳಗಿನಿಂದ ಎತ್ತುತ್ತದೆ. ಆದ್ದರಿಂದ ತೊಲೆಗಳನ್ನು ಹಿಡಿಯುವ ಕಂಬಿಗಳನ್ನು ಸುತ್ತುಪಟ್ಟಿಯಲ್ಲಿಯೇ ನೆಟ್ಟಿರಬೇಕು. ತಗಡಿನ ಕಾವಿಗೆ ಒಳಗಡೆ ಬಿದಿರು ತಟ್ಟಿಯ ಮಾಡು, ಮೇಲುಗೋಡೆಯಲ್ಲಿ ಗಾಳಿಕಿಂಡಿ. ಈ ಸೂರಿನ ಹರವು ಸುಮಾರು ೨೫೫ ಚದರಡಿ. ವರ್ಷದ ಮಳೆಯನ್ನು ೭೫೦ ಮಿಲಿಮೀಟರ್ ಎಂದೂ, ಐದರಲ್ಲಿ ಒಂದು ಪಾಲು ನಷ್ಟವೆಂದೂ ಹಿಡಿದರೆ ೧೪,೦೦೦ ಲೀಟರ್ ನೀರು ನಿಮ್ಮ ತೊಟ್ಟಿಗೆ ಬರುತ್ತದೆ. ಒಂದು ದೋಣಿ, ಒಂದು ಕೊಳವೆ, ಒಂದು ತೊಟ್ಟಿಯ ಖರ್ಚು. ಕುಮುದ್ವತಿ ಹುಟ್ಟುವ ಊರಿನಲ್ಲಿ ಮಳೆಯ ನೀರನ್ನು ಹರಿಯಬಿಟ್ಟು ಟ್ಯಾಂಕರಿಗೆ ಕಾಯುವುದು ಒಪ್ಪುವ ಮಾತಲ್ಲ.

ಕೊನೆಯದಾಗಿ ಹಣದ ಮಾತು. ಪಟ್ಟಿ ಮಾಡಿ ಕೂಡಿದ ಮೊತ್ತದ ಮೇಲೆ ನಾಲ್ಕರಲ್ಲಿ ಒಂದು ಪಾಲು ಸೇರಿಸಿ ಇಟ್ಟುಕೊಳ್ಳಿ. ಅಷ್ಟು ಇಲ್ಲದಿದ್ದರೆ ಕೆಲಸವನ್ನು ಎರಡು ವರ್ಷಕ್ಕೆ ಹಂಚಿರಿ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ. ಪಾಯ ಮುಗಿಸಿ ನಿಲ್ಲಿಸಿದರೆ ಮಳೆಗಾಲ ಅದನ್ನು ಕೆಡಿಸುವುದಿಲ್ಲ. ಮಣ್ಣು ಇನ್ನಷ್ಟು ಕುಳಿತು ಗಟ್ಟಿಯಾಗುತ್ತದೆ. ಸುತ್ತುಪಟ್ಟಿ ಮುಗಿಸಿ ನಿಲ್ಲಿಸಿದರೂ ಗೋಡೆ ಕ್ಷೇಮ. ಬರಿಯ ಗೋಡೆಯನ್ನು ಅರ್ಧಕ್ಕೆ ಬಿಟ್ಟು ಹೋದರೆ ಟೊಳ್ಳುಗಳಲ್ಲಿ ನೀರು ತುಂಬುತ್ತದೆ, ಗಾಳಿಗೆ ಗೋಡೆ ಅಲುಗುತ್ತದೆ, ಹಾಕಿದ ದುಡ್ಡೂ ಪಟ್ಟ ಶ್ರಮವೂ ಬಯಲಾಗುತ್ತದೆ. ಸಾಲ ಮಾಡಿ ಒಂದೇ ವರ್ಷದಲ್ಲಿ ಮುಗಿಸುವುದಕ್ಕಿಂತ ಪಾಯದ ಮೇಲೆ ಒಂದು ವರ್ಷ ಹುರುಳಿ ಒಣಗಿಸಿಕೊಂಡಿರುವುದು ಮೇಲು. ಹೊಲವನ್ನು ಉಳಿಸಲೆಂದು ಹೊರಟ ಮನೆ ಹೊಲವನ್ನೇ ಒತ್ತೆಯಿಡುವಂತೆ ಮಾಡಬಾರದು.

ಈ ಲೆಕ್ಕವನ್ನೆಲ್ಲ ಒಂದು ಸಂಜೆ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಕಾಗದದ ಮೇಲೆ ಬರೆಯಿರಿ. ವಯಸ್ಸಾದ ತಾಯಿ ಮೆಟ್ಟಿಲು ಎಷ್ಟಿರಬೇಕೆಂದು ಹೇಳಲಿ, ಹೆಂಡತಿ ಒಲೆಯ ಹೊಗೆ ಎತ್ತ ಹೋಗಬೇಕೆಂದು ಹೇಳಲಿ, ಮಕ್ಕಳು ಬ್ಲಾಕು ಎಣಿಸಲಿ. ನಾಲ್ಕು ಮುಖಗಳಿಂದಲೂ ನೋಡಿ ಒಪ್ಪಿಗೆಯಾದರೆ ಈ ಕಾರ್ತೀಕಕ್ಕೇ ಗೂಟ ಹೊಡೆಯಬಹುದು. ಒಪ್ಪಿಗೆಯಾಗದಿದ್ದರೆ ಮುಂದಿನ ಕಾರ್ತೀಕ ಬಂದೇ ಬರುತ್ತದೆ. ಅಷ್ಟರವರೆಗೆ ಮೂಲೆಗಲ್ಲು ನೆಡಿಸಿ, ದಾರಿ ಸರಿಮಾಡಿ, ಮನೆ ಬರುವ ಜಾಗದ ಪಡುವಲಿಗೆ ಎರಡು ಹೊಂಗೆ ಸಸಿ ಹಾಕಿರಿ. ಮನೆ ಏಳುವ ಹೊತ್ತಿಗೆ ನೆರಳೂ ಎದ್ದಿರುತ್ತದೆ.